ಅಮ್ಮಿಣಿಗೆ ಕಳಿಸಿದ ದನಿ

ತಿರುವನಂತಪುರ
9 ಜೂನ್ 2025, ಸೋಮವಾರ

ಪ್ರೀತಿಯ ಚಿಕ್ಕಮ್ಮನಿಗೆ ನಂದಿತಾಳ ನಮಸ್ಕಾರ.

ಫೋನ್ ಮಾಡದೆ ಮೇಲ್ ಬರೆದಿದ್ದಾಳೆ ಎಂದರೆ ಏನೋ ಎಡವಟ್ಟಾಗಿದೆ ಎಂದು ನೀವು ಆಗಲೇ ಕನ್ನಡಕ ಹುಡುಕುತ್ತಿರುತ್ತೀರಿ. ನಾವಿಬ್ಬರೂ ಫೋನಿನಲ್ಲಿ ಮಾತಾಡಿದರೆ ಎರಡನೇ ಮಾತಿಗೇ ಜಗಳ, ಮೂರನೆಯದಕ್ಕೆ ನೀವು "ಇಡು ಫೋನು" ಅನ್ನುತ್ತೀರಿ. ಈ ವಿಷಯಕ್ಕೆ ಜಗಳವಾಡಲು ನನಗೆ ಪುರುಸೊತ್ತಿಲ್ಲ. ಪೂರ್ತಿ ಓದಿ, ಆಮೇಲೆ ಬೈಯಿರಿ.

ಅಮ್ಮಿಣಿಗೆ ಹುಷಾರಿಲ್ಲ. ಕರು ಹಾಕಿ ಎರಡು ವಾರವಾಯಿತಲ್ಲ, ನಾಲ್ಕು ದಿನದಿಂದ ಹಿಂಡಿ ಮುಟ್ಟುತ್ತಿಲ್ಲ, ಹಾಲು ಇಳಿದಿದೆ. ನಿನ್ನೆ ವಿಳಿಂಜಂಗೆ, ವಿನ್ಸೆಂಟ್ ಚೇಟ್ಟನ್ ಮನೆಗೆ ಹೋಗಿ ನೋಡಿದೆ. ಎಡಪಕ್ಕೆಯ ಮೇಲೆ ಬೆರಳಿನಿಂದ ತಟ್ಟಿ ಸ್ಟೆತಸ್ಕೋಪ್ ಇಟ್ಟರೆ ಖಾಲಿ ತಂಬಿಗೆ ಬಾರಿಸಿದ ಹಾಗೆ ಕೇಳುತ್ತದೆ. ಹಸುವಿಗಿರುವ ನಾಲ್ಕು ಹೊಟ್ಟೆಗಳಲ್ಲಿ ಕೊನೆಯದು ಗಾಳಿ ತುಂಬಿಕೊಂಡು, ಇರಬೇಕಾದ ಜಾಗ ಬಿಟ್ಟು ಎಡಕ್ಕೆ ತೇಲಿದೆ. ಪಕ್ಕೆ ಕೊಯ್ದು, ಅದನ್ನು ಇಳಿಸಿ, ಮತ್ತೆ ಓಡದ ಹಾಗೆ ಹೊಲಿದು ನಿಲ್ಲಿಸಬೇಕು. ಬೇರೆ ದಾರಿಯಿಲ್ಲ. ಬುಧವಾರ ಮಾಡುತ್ತೇನೆ.

ಹೆದರಬೇಡಿ. ನಾನು ಮಾಡುವ ರೀತಿ ಹೇಳುತ್ತೇನೆ. ಲಾರಿಗೆ ಹತ್ತಿಸಿ ಆಸ್ಪತ್ರೆಗೆ ಒಯ್ಯುವುದಿಲ್ಲ, ಅರ್ಧ ಜೀವ ಲಾರಿಯಲ್ಲೇ ಹೋಗುತ್ತದೆ. ವಿನ್ಸೆಂಟ್ ಚೇಟ್ಟನ್ ಕೊಟ್ಟಿಗೆಯಲ್ಲೇ, ಅವಳು ದಿನಾ ನಿಲ್ಲುವ ಜಾಗದಲ್ಲೇ ಮಾಡುತ್ತೇನೆ. ಅವರ ಇನ್ನೊಂದು ಹಸುವನ್ನು ಕಣ್ಣಿಗೆ ಕಾಣುವ ಹಾಗೆ ಪಕ್ಕದಲ್ಲೇ ಕಟ್ಟಿಸುತ್ತೇನೆ. ನೋವಿನ ಮದ್ದನ್ನು ಕೊಯ್ಯುವ ಮೊದಲೇ ಕೊಡುತ್ತೇನೆ, ಕೊಯ್ದಾದ ಮೇಲೆ ಅಲ್ಲ. ಬೆನ್ನಿನ ಪಕ್ಕ ಸೂಜಿ ಹಾಕಿ ಪಕ್ಕೆಯನ್ನು ಮರಗಟ್ಟಿಸುತ್ತೇನೆ. ಆದರೆ ಪೂರ್ತಿ ನಿದ್ದೆ ಬರಿಸುವುದಿಲ್ಲ ಚಿಕ್ಕಮ್ಮ. ಮಂಪರಿನ ಮದ್ದು ಜಾಸ್ತಿಯಾದರೆ ಕುಸಿದು ಮಲಗಿಬಿಡುತ್ತಾಳೆ. ಪಕ್ಕೆ ತೆರೆದಿರುವಾಗ ಮಲಗಿದರೆ ಕರುಳೆಲ್ಲ ಹೊರಗೆ. ಹಾಗಾಗಿ ಅವಳು ಎಚ್ಚರವಾಗಿ, ನಿಂತುಕೊಂಡೇ ಇರಬೇಕು.

ಇಲ್ಲೇ ನೀವು ಬೇಕಾಗಿರುವುದು. ಹಸು ನೋವನ್ನು ಬಚ್ಚಿಡುವ ಪ್ರಾಣಿ. ಸುಮ್ಮನೆ ನಿಂತಿದೆ ಎಂದರೆ ನೋವಿಲ್ಲ ಎಂದಲ್ಲ, ಹೆದರಿ ಕಲ್ಲಾಗಿದೆ ಎಂದೂ ಇರಬಹುದು. ವಿದ್ಯಾರ್ಥಿಗಳಿಗೆ ನಾನು ಮೊದಲ ದಿನವೇ ಹೇಳುವ ಪಾಠ ಇದು. ನಂಬುವ ಒಬ್ಬ ಮನುಷ್ಯ ತಲೆಯ ಹತ್ತಿರ ನಿಂತರೆ ಅವಳ ಎದೆಬಡಿತವೇ ಬೇರೆ. ವಿನ್ಸೆಂಟ್ ಚೇಟ್ಟನ್ ಒಳ್ಳೆಯವರು, ನನಗೆ ಅಣ್ಣನ ಹಾಗೆಯೇ, ಆದರೆ ಆರು ವರ್ಷ ಬಾಟಲಿಯಿಂದ ಹಿಡಿದು ಸಾಕಿದ್ದು ನೀವು. ಕೊಚ್ಚಿಗೆ ವರ್ಗವಾಯಿತು ಎಂದು ಅವರಲ್ಲಿ ಬಿಟ್ಟು ಹೋಗಿ ಒಂದು ವರ್ಷವೂ ಆಗಿಲ್ಲ. ಬುಧವಾರ ಒಂದೇ ದಿನ ಬನ್ನಿ. ಬೆಳಿಗ್ಗೆ ಆಲುವದಲ್ಲಿ ರೈಲು ಹತ್ತಿದರೆ ಮಧ್ಯಾಹ್ನಕ್ಕೆ ಇಲ್ಲಿರುತ್ತೀರಿ. ನೀವು ಬರುವವರೆಗೆ ಬ್ಲೇಡು ಮುಟ್ಟುವುದಿಲ್ಲ.

ನಿಮ್ಮ,
ನಂದಿತಾ

*

ಆಲುವ
10 ಜೂನ್ 2025

ನಂದೂ,

ಎಂತ ಮಾರಾಯ್ತಿ, ಹೀಗೆಲ್ಲ ಬರೆಯುವುದಾ? ಕರುಳು ಹೊರಗೆ ಬರುತ್ತದೆ ಎಂದು ಓದಿದವಳು ಬ್ಯಾಂಕಿನಲ್ಲಿ ಕೂತು ಜನರ ಕೆವೈಸಿ ನೋಡುವುದು ಹೇಗೆ? ಬಾತ್‌ರೂಮಿಗೆ ಹೋಗಿ ಮುಖ ತೊಳೆದು ಬಂದೆ. ನಮ್ಮ ಜನಾರ್ದನ "ಮೇಡಂ, ಮನೇಲಿ ಏನಾದ್ರೂ ತೊಂದರೆಯಾ" ಎಂದು ಇಂಗ್ಲಿಷಿನಲ್ಲಿ ಕೇಳಿದ. ಮಗಳಿಗೆ ಆಪರೇಷನ್ ಎಂದೆ. ಅವನು ಪಾಪ, ನನಗೆ ಮದುವೆಯೇ ಆಗಲಿಲ್ಲ ಎಂಬುದನ್ನು ನೆನಪಿಸಿಕೊಂಡು ಬಾಯಿ ಮುಚ್ಚಿಕೊಂಡ.

ಬುಧವಾರ ನನಗೆ ಆಗುವುದಿಲ್ಲ. ಪಾಲಾರಿವಟ್ಟಂ ಶಾಖೆಗೆ ಇನ್‌ಸ್ಪೆಕ್ಷನ್ ಬರುತ್ತದೆ, ರಜೆಯ ಮಾತೇ ಎತ್ತುವ ಹಾಗಿಲ್ಲ. ಹಟ ಮಾಡಬೇಡ. ನೀನು ಕಲಿತವಳು, ನಿನ್ನ ಕೈಮೇಲೆ ನನಗೆ ನಂಬಿಕೆ ಉಂಟು.

ಕೆಲವು ಸಂಗತಿ ನೆನಪಿಟ್ಟುಕೋ. ಅವಳಿಗೆ ಬಲಗಡೆಯಿಂದ ಹತ್ತಿರ ಹೋದರೆ ಆಗುವುದಿಲ್ಲ, ಎಡದಿಂದ ಹೋಗು. ಕತ್ತಿನಡಿಯ ಗಂಗೆದೊಗಲು ಕೆಳಗಿನಿಂದ ಮೇಲೆ ತುರಿಸಬೇಕು, ಮೇಲಿನಿಂದ ಕೆಳಗೆ ಅಲ್ಲ. ಯಾರೂ ಜೋರಾಗಿ ಮಾತಾಡಬಾರದು. ವಿನ್ಸೆಂಟ್ ಕಡಲಿನ ಮನುಷ್ಯ, ಗಾಳಿಯಲ್ಲಿ ಕೂಗಿ ಕೂಗಿ ಅಭ್ಯಾಸ, ಅವನ ಪಿಸುಮಾತೂ ಆಚೆ ಮನೆಗೆ ಕೇಳುತ್ತದೆ. ಅವನ ಹೆಂಡತಿ ಫಿಲೋಮಿನಾಳನ್ನು ತಲೆಯ ಹತ್ತಿರ ನಿಲ್ಲಿಸು, ಅವಳ ಕೈ ಮೆತ್ತಗೆ.

ನಾನು ಬಾರದಿದ್ದರೂ ನನ್ನ ದನಿ ಬರುತ್ತದೆ. ಇದರ ಜೊತೆ ಕಳಿಸಿದ್ದೇನೆ ನೋಡು. ವರ್ಗವಾಗುವ ಮೊದಲು ಅಲ್ಲಿ ನೇಮಂ ಮನೆಯಲ್ಲಿದ್ದಾಗ ಸಂಜೆ ಹಿತ್ತಿಲಿನ ಬಾಗಿಲಲ್ಲಿ ನಿಂತು ಹೇಗೆ ಕರೆಯುತ್ತಿದ್ದೆನೋ ಹಾಗೆಯೇ ಕರೆದು ಫೋನಿನಲ್ಲಿ ತುಂಬಿಸಿದ್ದೇನೆ. "ಅಮ್ಮಿಣೀ, ಬಾ ಮಗಾ, ಬಾ ಬಾ, ಇಲ್ಲಿದ್ದೇನೆ ಬಾ." ಪಕ್ಕದ ಫ್ಲಾಟಿನವರು ಬಾಗಿಲು ತೆರೆದು ನೋಡಿದರು. ನೋಡಲಿ. ಅವಳು ಹೆದರಿದ ಹಾಗೆ ಕಂಡರೆ ಕಿವಿಯ ಹತ್ತಿರ ಹಿಡಿದು ಕೇಳಿಸು, ಸಮಾಧಾನ ಆಗುತ್ತಾಳೆ. ಬ್ಯಾಂಕೇ ಫೋನಿನಲ್ಲಿ ಬಂದ ಕಾಲದಲ್ಲಿ ಒಬ್ಬ ಚಿಕ್ಕಮ್ಮ ಬರಬಾರದಾ?

ಆದ ಕೂಡಲೇ ಬರೆ.

ಕಮಲಾಕ್ಷಿ

*

ತಿರುವನಂತಪುರ
12 ಜೂನ್ 2025

ಚಿಕ್ಕಮ್ಮ,

ನಿನ್ನೆ ಆಪರೇಷನ್ ಆಯಿತು. ಹೊಟ್ಟೆ ಜಾಗಕ್ಕೆ ಬಂದಿದೆ, ಹೊಲಿಗೆ ಹಾಕಿದ್ದೇನೆ. ನೋವಿನ ಮದ್ದು ಇನ್ನೂ ಕೆಲವು ದಿನ ಕೊಡುತ್ತೇನೆ, ಅಲ್ಲಿಯವರೆಗೆ ಹಾಲನ್ನು ಡೈರಿಗೆ ಹಾಕಬೇಡಿ ಎಂದು ವಿನ್ಸೆಂಟ್ ಚೇಟ್ಟನ್‌ಗೆ ಹೇಳಿದ್ದೇನೆ.

ನೀವು ಕಳಿಸಿದ್ದನ್ನು ಕೇಳಿಸಿದೆ. ತಲೆ ಎತ್ತಿ ನೋಡಿದಳು. ಈಗ ಸುಮ್ಮನೆ ನಿಂತಿದ್ದಾಳೆ.

ನಿಮ್ಮ ಇನ್‌ಸ್ಪೆಕ್ಷನ್ ಚೆನ್ನಾಗಿ ಆಯಿತಾ?

ತುಂಬಾ ಸುಸ್ತಾಗಿದೆ. ಆಮೇಲೆ ಬರೆಯುತ್ತೇನೆ.

ನಂದಿತಾ

*

ಆಲುವ
14 ಜೂನ್ 2025, ಶನಿವಾರ

ಚಿನ್ನದಂಥಾ ನಂದೂ,

ನಿನ್ನ ಕೈಗೆ ಬಂಗಾರದ ಬಳೆ ಹಾಕಬೇಕು! ತಲೆ ಎತ್ತಿ ನೋಡಿದಳು ಎಂದು ಓದಿ ನಾನು ಎದ್ದು ನಿಂತೆ. ಎಲ್ಲರಿಗೂ ಹೇಳಿದೆ. ಕೌಂಟರಿನ ಹುಡುಗಿಯರಿಗೆ, ಮ್ಯಾನೇಜರಿಗೆ, ಮೆಟ್ರೋದಲ್ಲಿ ಪಕ್ಕ ಕೂತ ಗುರುತಿಲ್ಲದ ಹೆಂಗಸಿಗೆ ಕೂಡ. "ನನ್ನ ಪಶುವಿನ್ ಎಂಡೆ ಶಬ್ದಂ ಅರಿಯಾಂ" ಎಂದು ನನ್ನ ಹರಕುಮುರುಕು ಮಲಯಾಳಂನಲ್ಲಿ ಹೇಳಿದೆ, ನನ್ನ ಹಸುವಿಗೆ ನನ್ನ ದನಿ ಗೊತ್ತುಂಟು ಎಂದು. ಆ ಹೆಂಗಸು ನಾನು ಇಳಿಯುವ ಪಾಲಾರಿವಟ್ಟಂ ಬರುವುದನ್ನೇ ಕಾಯುತ್ತಿದ್ದಳು ಎಂದು ಕಾಣುತ್ತದೆ.

ಸುಮ್ಮನೆ ನಿಂತಿದ್ದಾಳೆ ಎಂದು ಬರೆದೆಯಲ್ಲ, ಅಷ್ಟು ಸಾಕು ನನಗೆ. ಯಾವಾಗಲೂ ಸಾಧುವೇ ಅವಳು.

ಇನ್ನೊಂದು ಮಾತು. ಇದನ್ನು ನಿನಗೆ ಹೇಳಲು ನಾಲಿಗೆ ಬರುತ್ತಿರಲಿಲ್ಲ, ಈಗ ಧೈರ್ಯ ಬಂತು. ನನಗೆ ಊರಿನ ಕಡೆಗೆ ವರ್ಗವಾಗಿದೆ. ಪುತ್ತೂರು ಶಾಖೆ. ಎಷ್ಟು ವರ್ಷದಿಂದ ಬರೆದು ಬರೆದು ಕೇಳಿದ್ದು ನಿನಗೆ ಗೊತ್ತುಂಟಲ್ಲ. ಜುಲೈ ಹದಿನಾಲ್ಕಕ್ಕೆ ಅಲ್ಲಿ ಹಾಜರಾಗಬೇಕು. ಅಮ್ಮಿಣಿಯನ್ನು ನೆನೆದು ಬೇಡ ಎಂದು ಬರೆದುಕೊಡಲೇ ಎಂದು ಕೂಡ ಯೋಚಿಸಿದ್ದೆ, ನಗಬೇಡ. ಕೊಚ್ಚಿಯಲ್ಲಿದ್ದರೆ ಬೇಕೆಂದಾಗ ಒಂದು ರೈಲಿನ ದೂರ. ಪುತ್ತೂರಿಗೆ ಹೋದೆ ಎಂದರೆ ಹೋದೆ.

ಈಗ ಆ ಚಿಂತೆ ಇಲ್ಲ. ದನಿಯಿದ್ದರೆ ಸಾಕಲ್ಲ ಅವಳಿಗೆ! ಬೆಳಗಿನ ಹಾಲು ಕರೆಯುವಾಗ ಒಂದು, ಸಂಜೆಗೆ ಒಂದು, ಮಿಂದ ಮೇಲೆ ಒಂದು ಎಂದು ಬೇರೆ ಬೇರೆ ತುಂಬಿಸಿ ಕಳಿಸಿದ್ದೇನೆ. ಒಂದರಲ್ಲಿ ಹಾಡೂ ಉಂಟು, ಶ್ರುತಿ ಕೇಳಬೇಡ. ಫಿಲೋಮಿನಾಳ ಫೋನಿಗೆ ಹಾಕಿಕೊಡು, ದಿನಾ ಕೇಳಿಸಲಿ.

ಇನ್‌ಸ್ಪೆಕ್ಷನ್ ಎಲ್ಲ ಚೆನ್ನಾಗಿ ಆಯಿತು.

ನಿನ್ನ,
ಚಿಕ್ಕಮ್ಮ

*

ತಿರುವನಂತಪುರ
19 ಜೂನ್ 2025, ಗುರುವಾರ

ಚಿಕ್ಕಮ್ಮ,

ನಿಮ್ಮ ಪತ್ರ ಬಂದು ಐದು ದಿನವಾಯಿತು. ಉತ್ತರ ಬರೆದು ಬರೆದು ಅಳಿಸಿದೆ. ಫಿಲೋಮಿನಾ ಚೇಚಿಯ ಫೋನಿಗೆ ಏನನ್ನೂ ಹಾಕಿಲ್ಲ, ಹಾಕುವುದೂ ಇಲ್ಲ. ಯಾಕೆಂದು ಹೇಳಲೇಬೇಕು.

ಆ ಬುಧವಾರ ಮೊದಲು ಎಲ್ಲ ಸರಿಯಾಗಿಯೇ ನಡೆದಿತ್ತು. ಮರಗಟ್ಟಿಸಿದ್ದು ಚೆನ್ನಾಗಿ ಹಿಡಿದಿತ್ತು. ಪಕ್ಕೆ ತೆರೆದು ಮೊಣಕೈವರೆಗೆ ಒಳಗೆ ಕೈ ಹಾಕಿದ್ದೆ. ಅಷ್ಟರಲ್ಲಿ ಹೊರಗೆ ಬಂದರಿನ ಕಂಟೇನರ್ ಲಾರಿಯೊಂದು ಹಾರ್ನ್ ಹೊಡೆಯಿತು, ಅಮ್ಮಿಣಿ ಬೆದರಿ ನಡುಗಿದಳು. ನಾನೇ "ಫೋನ್ ಹಾಕಿ ಚೇಚೀ" ಅಂದೆ. ಹಾಕಿದರು.

ನೀವು ಬಾ ಅಂದಿರಿ ಚಿಕ್ಕಮ್ಮ. ಅವಳು ಬರಲು ಹೊರಟಳು.

ತಲೆ ಎತ್ತಿದಳು ಎಂದು ನಾನು ಬರೆದಿದ್ದು ಸುಳ್ಳಲ್ಲ. ಆದರೆ ಅಲ್ಲಿಗೆ ನಿಲ್ಲಿಸಿದೆ ನೋಡಿ, ಅದು ಸುಳ್ಳು. ತಲೆ ಎತ್ತಿ, ಕೂಗಿ, ಹಗ್ಗವನ್ನು ಎಳೆದು ಗೇಟಿನ ಕಡೆಗೆ ತಿರುಗಿದಳು. ವಿನ್ಸೆಂಟ್ ಚೇಟ್ಟನ್ ತಬ್ಬಿ ಹಿಡಿದರೂ ನಿಲ್ಲಲಿಲ್ಲ. ಫೋನಿನಿಂದ ನೀವು ಇನ್ನೂ ಬಾ ಬಾ ಅನ್ನುತ್ತಲೇ ಇದ್ದಿರಿ, ಫಿಲೋಮಿನಾ ಚೇಚಿಗೆ ಗಾಬರಿಯಲ್ಲಿ ಅದನ್ನು ನಿಲ್ಲಿಸಲು ಗೊತ್ತಾಗಲಿಲ್ಲ. ಮುಂಗಾಲು ಮಡಚಿ ಬಿದ್ದಳು. ಕೊಯ್ದ ಜಾಗ ಹರಿಯಿತು, ಕೊಟ್ಟಿಗೆಯ ಕೊಳೆ ತಾಗಿತು. ಮತ್ತೆ ಎಬ್ಬಿಸಿ, ತೊಳೆದು, ಹೊಲಿದು ಮುಗಿಸುವ ಹೊತ್ತಿಗೆ ಮರಗಟ್ಟಿದ್ದು ಇಳಿಯತೊಡಗಿತ್ತು. ಕೊನೆಯ ಹೊಲಿಗೆಗಳು ಅವಳಿಗೆ ಗೊತ್ತಾಗಿವೆ. ಹಲ್ಲು ಮಸೆಯುತ್ತಿದ್ದಳು. ಆ ಸದ್ದು ನನ್ನ ಕಿವಿಯಿಂದ ಹೋಗಿಲ್ಲ.

ಹಸುವಿನ ಹೆದರಿಕೆ ಕಡಿಮೆ ಮಾಡುವುದು ಹೇಗೆ ಎಂದು ಊರೆಲ್ಲ ಭಾಷಣ ಮಾಡುವವಳು ನಾನು. ದನಿ ಕೇಳಿ ಆಳು ಕಾಣದಿದ್ದರೆ ಅವಳಿಗೆ ಏನಾದೀತು ಎಂದು ಒಂದು ಸಲವೂ ಯೋಚಿಸಲಿಲ್ಲ. ತಪ್ಪು ನಿಮ್ಮದಲ್ಲ, ನನ್ನದು. ಅದಕ್ಕೇ ಬರೆಯಲು ಕೈ ಬರಲಿಲ್ಲ.

ಇನ್ನೂ ಇದೆ. ಆಪರೇಷನ್ ಮುಗಿಸಿ ನಿಮ್ಮ ಮೊಬೈಲಿಗೆ ಮಾಡಿದೆ, ಎತ್ತಲಿಲ್ಲ. ಶಾಖೆಗೆ ಮಾಡಿದೆ. ಕಮಲಾಕ್ಷಿ ಮೇಡಂ ರಜೆ ಹಾಕಿ ತಿರುವನಂತಪುರಕ್ಕೆ ಹೋಗಿದ್ದಾರೆ ಎಂದು ಜನಾರ್ದನ ಸಾರ್ ಹೇಳಿದರು. ಇನ್‌ಸ್ಪೆಕ್ಷನ್ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ನಾನು ಹುಚ್ಚಿ, ನೀವು ಬಂದೇ ಬರುತ್ತೀರಿ ಎಂದು ಸಂಜೆಯವರೆಗೂ ರಸ್ತೆ ನೋಡಿಕೊಂಡು ಕೊಟ್ಟಿಗೆಯ ಹೊರಗೆ ಕೂತಿದ್ದೆ. ಅಮ್ಮಿಣಿಯೂ ಅದೇ ಕಡೆ ನೋಡುತ್ತಿದ್ದಳು. ಎಲ್ಲಿಗೆ ಹೋಗಿದ್ದಿರಿ?

ಈಗ ಗಾಯ ಕೀವಾಗಿದೆ. ಭಾನುವಾರ ಹೊಲಿಗೆ ಬಿಚ್ಚಿ, ಕೊಳೆತದ್ದನ್ನು ತೆಗೆದು, ಮತ್ತೆ ಹೊಲಿಯಬೇಕು. ಕೀವು ತುಂಬಿದ ಜಾಗದಲ್ಲಿ ಸೂಜಿ ಮದ್ದು ಸರಿಯಾಗಿ ಹಿಡಿಯುವುದಿಲ್ಲ. ಬೆನ್ನಿನ ಹತ್ತಿರವೇ ಹಾಕುತ್ತೇನೆ, ಆದರೂ ಈ ಸಲ ಅವಳು ಮಿಸುಕಿದರೆ ಉಳಿಯುತ್ತಾಳೆ ಎಂದು ನಾನು ಮಾತು ಕೊಡಲಾರೆ. ಈಗ ನನ್ನನ್ನು ಕಂಡರೇ ಅವಳ ಕಿವಿ ಹಿಂದಕ್ಕೆ ಹೋಗುತ್ತದೆ.

ನೀವು ಬರಬೇಕು. ಫೋನು ಬೇಡ, ನೀವು ಬೇಕು.

ನಂದಿತಾ

*

ಆಲುವ
20 ಜೂನ್ 2025

ನಂದಿತಾ,

ಓದಿದೆ. ಎರಡನೇ ಸಲ ಓದಲು ಆಗಲಿಲ್ಲ.

ಎಲ್ಲಿಗೆ ಹೋಗಿದ್ದೆ ಎಂದು ಕೇಳಿದ್ದೀ. ಎಲ್ಲಿಗೂ ಇಲ್ಲ. ಆಲುವ ಸ್ಟೇಷನ್ನಿನಲ್ಲಿ ಕೂತಿದ್ದೆ. ರಜೆ ಹಾಕಿ, ಟಿಕೆಟು ತೆಗೆದು, ಅವಳಿಗೆಂದು ಬೆಲ್ಲವನ್ನೂ ಕಟ್ಟಿಕೊಂಡಿದ್ದೆ. ರೈಲು ಬಂತು. ಎಲ್ಲರೂ ಹತ್ತಿದರು. ನಾನು ಏಳಲಿಲ್ಲ. ಬೆಂಚಿನಲ್ಲಿ ಪಕ್ಕ ಕೂತಿದ್ದ ಮುದುಕ "ಪೋಯಲ್ಲೋ ಚೇಚೀ" ಅಂದ. ಹೌದು, ಹೋಯಿತಲ್ಲ ಅಂದೆ. ಫೋನು ಬ್ಯಾಗಿನಲ್ಲಿ ಹೊಡೆದುಕೊಳ್ಳುತ್ತಿತ್ತು, ನೀನೇ ಎಂದು ಗೊತ್ತಿತ್ತು, ಎತ್ತಲಿಲ್ಲ.

ಕೊಚ್ಚಿಗೆ ಬಂದು ಒಂದು ತಿಂಗಳಿಗೆ ಅವಳನ್ನು ನೋಡಲು ಬಂದಿದ್ದೆನಲ್ಲ, ನೀನು ಆಗ ತೃಶ್ಶೂರಿನಲ್ಲಿ ಟ್ರೇನಿಂಗಿಗೆ ಹೋಗಿದ್ದೆ. ಬಾಲ ಎತ್ತಿಕೊಂಡು ಓಡಿ ಬಂದಳು. ನನ್ನ ಸೆರಗನ್ನು ಅರ್ಧ ತಿಂದಳು. ಹೊರಡುವಾಗ ಬೇಲಿಯುದ್ದಕ್ಕೂ ನನ್ನ ಜೊತೆಗೇ ನಡೆದಳು, ಬೇಲಿ ಮುಗಿದಲ್ಲಿ ನಿಂತಳು. ಬಸ್ಸಿನವರೆಗೂ ಕೂಗು ಕೇಳುತ್ತಿತ್ತು. ಎರಡು ದಿನ ಹುಲ್ಲು ಮುಟ್ಟಲಿಲ್ಲ ಎಂದು ಫಿಲೋಮಿನಾ ಆಮೇಲೆ ಹೇಳಿದಳು. ಅವತ್ತೇ ನಿಶ್ಚಯ ಮಾಡಿದೆ, ಇನ್ನು ಹೋಗುವುದಿಲ್ಲ ಎಂದು. ಒಂದು ಗಂಟೆ ಸಮಾಧಾನ ಕೊಟ್ಟು ಎರಡು ದಿನ ಸಂಕಟ ಕೊಡುವುದು ಯಾವ ಸೀಮೆಯ ಪ್ರೀತಿ? ನಿನಗೆ ಇದನ್ನು ಹೇಳಿದರೆ ನಗುತ್ತೀ, ಇಲ್ಲವೇ ಪುಸ್ತಕ ತೆಗೆದು ಪಾಠ ಮಾಡುತ್ತೀ ಎಂದು ಇನ್‌ಸ್ಪೆಕ್ಷನ್ ಎಂದೆ. ಕಾಣಿಸಿಕೊಂಡು ಬಿಟ್ಟು ಬರುವುದಕ್ಕಿಂತ ದನಿ ಮಾತ್ರ ಹೋದರೆ ಒಳ್ಳೆಯದು ಎಂದುಕೊಂಡೆ. ಎಂಥ ಪೆದ್ದಿ ನಾನು. ನನ್ನ ಬಾಯಿಗೆ ಬೆಂಕಿ ಹಾಕ.

ನಿನ್ನ ಮೇಲೆ ಸಿಟ್ಟು ಉಂಟು. ತಪ್ಪು ಮಾಡಿದ್ದಕ್ಕಲ್ಲ, ಅದನ್ನು ಇಬ್ಬರೂ ಮಾಡಿದೆವು. ಎಲ್ಲ ಚಂದ ಆಯಿತು ಎಂದು ನಂಬಿಸಿ ನನ್ನನ್ನು ಊರೆಲ್ಲ ಕುಣಿಸಿದೆಯಲ್ಲ, ಅದಕ್ಕೆ. ಅವಳು ಹಲ್ಲು ಮಸೆದು ನೋವು ತಿಂದ ಬೆನ್ನಿಗೇ ನಾನು ಮೆಟ್ರೋದಲ್ಲಿ ಹಲ್ಲು ಕಿಸಿಯುತ್ತಿದ್ದೆ.

ಭಾನುವಾರ ಬರುತ್ತೇನೆ. ಬೆಂಚಿನಿಂದ ನನ್ನನ್ನು ಏಳಿಸಲು ಯಾರಾದರೂ ಬೇಕಾದರೆ ಜನಾರ್ದನನನ್ನು ಸ್ಟೇಷನ್ನಿಗೆ ಕರೆದುಕೊಂಡು ಬರುತ್ತೇನೆ.

ಚಿಕ್ಕಮ್ಮ

*

ತಿರುವನಂತಪುರ
26 ಜೂನ್ 2025

ಪ್ರೀತಿಯ ಚಿಕ್ಕಮ್ಮನಿಗೆ,

ಭಾನುವಾರ ನೀವು ಉದ್ದಕ್ಕೂ ಕಣ್ಣು ಮುಚ್ಚಿಕೊಂಡೇ ನಿಂತಿದ್ದಿರಿ. ಹಾಗಾಗಿ ಅಲ್ಲಿದ್ದೂ ನೀವು ನೋಡದ್ದನ್ನು ನಾನು ಹೇಳುತ್ತೇನೆ.

ನೀವು ಒಳಗೆ ಬಂದಾಗ ಅವಳು ಓಡಿ ಬರಲಿಲ್ಲ, ಕೂಗಲಿಲ್ಲ. ಮೂಸಿದಳು. ಸೆರಗು, ಕೈ, ಕೊನೆಗೆ ಕಂಕುಳು. ಆಮೇಲೆ ತನ್ನ ತಲೆಯ ಭಾರವನ್ನೆಲ್ಲ ನಿಮ್ಮ ಹೆಗಲಿಗೆ ಹಾಕಿದಳು. ನೀವು ಒಂದು ಮಾತೂ ಆಡಲಿಲ್ಲ. ಆಡಿ ಎಂದು ನಾನು ಸನ್ನೆ ಮಾಡಿದೆ, ನೀವು ತುಟಿ ಬಿಗಿದುಕೊಂಡಿರಿ. ಒಳ್ಳೆಯದೇ ಆಯಿತು. ಮೊದಲ ಸೂಜಿಗೆ ಅವಳ ಕಿವಿ ಹಿಂದಕ್ಕೆ ಹೋಯಿತು, ನೀವು ಗಂಗೆದೊಗಲು ತುರಿಸಿದಿರಿ, ಮೆಲ್ಲಗೆ ಸಡಿಲವಾಗಿ ಪಕ್ಕಕ್ಕೆ ಬಂತು. ಕಣ್ಣಿನ ಮೇಲಿನ ಬಿಗಿತ ಇಳಿಯಿತು. ಕೊಳೆತದ್ದನ್ನು ನಾನು ತೆಗೆಯುತ್ತಿದ್ದಾಗ ಎರಡು ಸಲ ಚರ್ಮ ನಡುಗಿತು, ಅಷ್ಟೇ. ಕೊನೆಯ ಸಾಲಿನ ಹೊಲಿಗೆ ಹಾಕುತ್ತಿದ್ದೆ, ಆಗ ಅವಳು ಮೆಲುಕು ಹಾಕತೊಡಗಿದಳು ಚಿಕ್ಕಮ್ಮ! ಪಕ್ಕೆಯಲ್ಲಿ ನನ್ನ ಸೂಜಿ ಇರುವಾಗ! ವಿನ್ಸೆಂಟ್ ಚೇಟ್ಟನ್ ಶಿಲುಬೆಯ ಗುರುತು ಹಾಕಿಕೊಂಡರು. ಕಣ್ಣು ತೆರೆದಿದ್ದರೆ ನಾನು ಅಳುತ್ತಿದ್ದುದು ನಿಮಗೆ ಕಾಣುತ್ತಿತ್ತು, ಮುಚ್ಚಿದ್ದೇ ವಾಸಿ.

ನೀವು ಕಾಯುತ್ತಿರುವ ಸುದ್ದಿ ಬೇರೆ ಎಂದು ಗೊತ್ತು. ನೀವು ಆಟೋ ಹತ್ತಿದಾಗ ಅವಳು ತಲೆ ಎತ್ತಿ ಆ ಕಡೆ ನೋಡಿದಳು. ಕೂಗಲಿಲ್ಲ. ಫಿಲೋಮಿನಾ ಚೇಚಿ ಅನ್ನ ಬಸಿದ ಕಂಜಿನೀರು ತಂದಿಟ್ಟರು, ಕುಡಿದಳು. ಮರುದಿನವೂ ಕೂಗಲಿಲ್ಲ, ಅದರ ಮರುದಿನವೂ ಇಲ್ಲ. ಜ್ವರ ಇಳಿದಿದೆ. ಹುಲ್ಲು ತಿನ್ನುತ್ತಿದ್ದಾಳೆ, ಹಿಂಡಿಗೂ ಬಾಯಿ ಹಾಕಿದ್ದಾಳೆ. ನೀವು ಹೆದರಿದ ಹಾಗೆ ಆಗಲಿಲ್ಲ.

ನೆಮ್ಮದಿಯಾಗಿ ಪುತ್ತೂರಿಗೆ ಹೊರಡಿ.

ನಿಮ್ಮ,
ನಂದಿತಾ

*

ಆಲುವ
28 ಜೂನ್ 2025

ನಂದಿತಾ,

ಪತ್ರ ಸಿಕ್ಕಿತು.

ಕೂಗಲಿಲ್ಲ ಎಂದು ಬರೆದಿದ್ದೀ. ನಿಜವಾ? ಮೊದಲ ಸಲವೂ ಸುಮ್ಮನೆ ನಿಂತಿದ್ದಾಳೆ ಎಂದೇ ಬರೆದಿದ್ದೆ. ಅವತ್ತಿನದೂ ಓದಲು ಇಷ್ಟೇ ಚಂದ ಇತ್ತು.

ಫಿಲೋಮಿನಾಳಿಗೆ ಫೋನ್ ಮಾಡಿ ಕೇಳಿದೆ. "ಒರು ಕುಳಪ್ಪವುಮಿಲ್ಲ ಚೇಚೀ, ಅವಳ್ ಸುಖಮಾಯಿಟ್ಟಿರಿಕ್ಕುನ್ನು" ಅಂದಳು. ಏನೂ ತೊಂದರೆ ಇಲ್ಲ, ಸುಖವಾಗಿದ್ದಾಳೆ ಎಂದು. ಕೇಳುವ ಮೊದಲೇ ಬಾಯಿಪಾಠ ಒಪ್ಪಿಸಿದ ಹಾಗೆ ಇತ್ತು. ನೀನೇ ಹೇಳಿಕೊಟ್ಟಿರುತ್ತೀ. ಚಿಕ್ಕಮ್ಮ ವರ್ಗವಾಗಿ ಹೋಗುವವಳು, ಪಾಪ, ನೊಂದುಕೊಳ್ಳಬಾರದು ಎಂದು ನೀವೆಲ್ಲ ಸೇರಿ ಮಾತಾಡಿಕೊಂಡಿದ್ದೀರಿ. ಹೋದ ಸಲ ಎರಡು ದಿನ ಹುಲ್ಲು ಬಿಟ್ಟವಳು ಈ ಸಲ ಕಂಜಿನೀರು ಕುಡಿದು ಸುಮ್ಮನಾದಳಾ? ಅಷ್ಟು ನೋವಿನಲ್ಲಿದ್ದವಳು?

ನನಗೆ ಮರಗಟ್ಟಿಸುವ ಸೂಜಿ ಹಾಕಬೇಡ ಮಗಾ. ನಾನು ಹಸುವಲ್ಲ. ಕೂಗಿದ್ದರೆ ಕೂಗಿದಳು ಎಂದು ಬರೆ. ಹಾಗಾದರೆ ಪುತ್ತೂರು ಬೇಡ ಎಂದು ಬರೆದುಕೊಡಲು ನನಗೆ ಇನ್ನೂ ಸಮಯ ಉಂಟು.

ಮೂರು ದಿನದಿಂದ ಊಟ ಸೇರುತ್ತಿಲ್ಲ.

ಕಮಲಾಕ್ಷಿ

*

ತಿರುವನಂತಪುರ
1 ಜುಲೈ 2025

ಚಿಕ್ಕಮ್ಮ,

ನಾನು ಯಾರಿಗೂ ಏನನ್ನೂ ಹೇಳಿಕೊಟ್ಟಿಲ್ಲ. ಆದರೆ ನೀವು ನಂಬುವುದಿಲ್ಲ, ನಂಬದ ಹಾಗೆ ಮಾಡಿದ್ದು ನಾನೇ. ಇನ್ನು ನಾನು ಎಷ್ಟು ಬರೆದರೂ ಅಷ್ಟೇ.

ಬಂದು ನೋಡಿ. ಯಾವ ದಿನ ಬರುತ್ತೀರಿ ಎಂದು ನನಗೂ ಹೇಳಬೇಡಿ, ಅವರಿಗೂ ಹೇಳಬೇಡಿ.

ನಂದಿತಾ

*

ಆಲುವ
7 ಜುಲೈ 2025, ಸೋಮವಾರ

ನಂದೂ,

ನಿನ್ನೆ ಬಂದಿದ್ದೆ.

ನಿನಗೆ ಹೇಳಲಿಲ್ಲ, ಊಟಕ್ಕೂ ಬರಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಬಸ್ಸನ್ನು ಹಿಂದಿನ ಸ್ಟಾಪಿನಲ್ಲೇ ಇಳಿದು ನಡೆದೆ. ವಿನ್ಸೆಂಟನ ಮನೆಗೆ ಹೋಗುವ ಓಣಿಯ ಬಾಯಲ್ಲಿ ಬಲೆ ರಿಪೇರಿ ಮಾಡುವ ಚಪ್ಪರ ಉಂಟಲ್ಲ, ಅಲ್ಲಿ ನಿಂತೆ. ಭಾನುವಾರವಾದ್ದರಿಂದ ಯಾರೂ ಇರಲಿಲ್ಲ, ಎಲ್ಲ ಇಗರ್ಜಿಗೆ ಹೋಗಿದ್ದರು. ಗಾಳಿ ಕಡಲಿನಿಂದ, ಅವಳ ಕಡೆಯಿಂದ ನನ್ನ ಕಡೆಗೆ ಬೀಸುತ್ತಿತ್ತು. ವಾಸನೆ ಸಿಗದ ಹಾಗೆ ನಿಂತುಕೊಳ್ಳಬೇಕು ಎಂಬಷ್ಟು ಬುದ್ಧಿ ನನಗೂ ಬಂದಿದೆ.

ಅಂಗಳದಲ್ಲಿ ಬಿಸಿಲಿಗೆ ಮಲಗಿದ್ದಳು. ಕರು ಪಕ್ಕದಲ್ಲಿತ್ತು. ನೀನು ಕಲಿಸಿದ್ದನ್ನೆಲ್ಲ ಒಂದೊಂದಾಗಿ ನೋಡಿದೆ. ಕಿವಿ ಸಡಿಲ. ಬೆನ್ನು ನೇರ. ಮೆಲುಕು ಹಾಕುತ್ತಿದ್ದಳು, ಅವಸರವಿಲ್ಲದೆ, ಪಕ್ಕೆಯ ಗಾಯ ಒಣಗಿ ಕಪ್ಪಾಗಿತ್ತು. ಬೇಲಿಯ ಕಡೆಗಾಗಲೀ ರಸ್ತೆಯ ಕಡೆಗಾಗಲೀ ಒಂದು ಸಲವೂ ನೋಡಲಿಲ್ಲ. ನಾನು ಎಷ್ಟು ಹೊತ್ತು ನಿಂತೆನೋ, ಕಾಲು ಜೋಮು ಹಿಡಿಯಿತು.

ಆಮೇಲೆ ಫಿಲೋಮಿನಾ ಇಗರ್ಜಿಯಿಂದ ಬಂದಳು. ಸೀರೆಯನ್ನೂ ಬದಲಿಸದೆ ಬಕೆಟ್ ಹಿಡಿದು ಹಿತ್ತಿಲಿನ ಬಾಗಿಲಲ್ಲಿ ನಿಂತು "ವಾ ಮೋಳೇ" ಅಂದಳು, ಬಾ ಮಗಳೇ ಎಂದು. ಜೋರಾಗಿ ಕೂಡ ಅಲ್ಲ. ಅಮ್ಮಿಣಿ ಎದ್ದಳು. ಎದ್ದು, ಮೈ ಮುರಿದು, ನೆಟ್ಟಗೆ ಅವಳ ಹತ್ತಿರ ಹೋದಳು. ಅವಳ ಸೆರಗನ್ನು ಬಾಯಲ್ಲಿ ಹಿಡಿದು ಎಳೆದಳು. ಫಿಲೋಮಿನಾ ನಗುತ್ತಾ ಬೈದಳು, ಬೈದುಕೊಂಡೇ ಗಂಗೆದೊಗಲು ತುರಿಸಿದಳು, ಕೆಳಗಿನಿಂದ ಮೇಲಕ್ಕೆ. ಅವಳಿಗೆ ಅದನ್ನು ಯಾರು ಹೇಳಿಕೊಟ್ಟರೋ. ಅಮ್ಮಿಣಿಯೇ ಹೇಳಿಕೊಟ್ಟಿರಬೇಕು.

ನೀನು ಬರೆದದ್ದೆಲ್ಲ ನಿಜ ಮಗಾ. ಅನುಮಾನ ಪಟ್ಟೆ, ಕ್ಷಮಿಸು.

ನನಗೆ ಖುಷಿ ಆಗಬೇಕಿತ್ತು. ಆಗಲಿಲ್ಲ. ಸುಳ್ಳು ಬರೆಯಬೇಡ ಎಂದು ನಿನಗೆ ಹೇಳಿ ನಾನು ಬರೆಯಲಾರೆ. ಹೊಟ್ಟೆ ಉರಿಯಿತು. ಅವಳು ಕೂಗದಿದ್ದರೆ ಸಾಕು ಎಂದು ದೇವರಿಗೆ ಹರಕೆ ಹೇಳಿಕೊಂಡವಳು ನಾನು, ಕೂಗಲಿಲ್ಲವಲ್ಲ ಎಂದು ಆ ಚಪ್ಪರದಲ್ಲಿ ನಿಂತು ಅತ್ತೆ. ಅವಳಿಗೆ ಇನ್ನು ನಾನು ಬೇಕಾಗಿಲ್ಲ. ಅದೇ ಸರಿ, ಹಾಗೆಯೇ ಆಗಬೇಕು, ಗೊತ್ತು ನನಗೆ. ಆದರೂ ನೋಯುತ್ತದೆ.

ವರ್ಗಾವಣೆ ಬೇಡ ಎಂದು ಬರೆದ ಅರ್ಜಿ ಬ್ಯಾಗಿನಲ್ಲಿತ್ತು. ರೈಲಿನಲ್ಲಿ ಹರಿದು ಹಾಕಿದೆ. ಬರುವ ಸೋಮವಾರ ಪುತ್ತೂರಿನಲ್ಲಿ ಹಾಜರಾಗುತ್ತೇನೆ.

ಇನ್ನೂ ಒಂದು ಮಾತು ನಿನಗೆ ಮಾತ್ರ ಹೇಳುತ್ತೇನೆ. ಬಕೆಟ್ ಖಾಲಿ ಮಾಡಿ ಅವಳು ತಿರುಗಿ ನಿಂತಾಗ ನನ್ನ ಮತ್ತು ಅವಳ ನಡುವೆ ಬೇಲಿಯೊಂದೇ ಇತ್ತು. ಹೆಸರು ಬಾಯಿಗೆ ಬಂದಿತ್ತು. ಒಂದು ಸಲ ಕರೆದಿದ್ದರೆ ಎಲ್ಲ ಬಿಟ್ಟು ಬರುತ್ತಿದ್ದಳು ನಂದೂ, ಈಗಲೂ ಬರುತ್ತಿದ್ದಳು. ಸೆರಗನ್ನು ಬಾಯಿಗೆ ತುರುಕಿಕೊಂಡು ಬಸ್ ಸ್ಟಾಪಿನವರೆಗೆ ನಡೆದೆ.

ನಿನ್ನ,
ಚಿಕ್ಕಮ್ಮ